ಬಿದ್ದುಹೋಗದ ಬಾಲ

ಟೈಲರ್ ತಾತನ ಬಾಯಲ್ಲಿ ಎಲ್ಲ ಮಾತೂ ಬರುತ್ತಿತ್ತು, ಒಂದನ್ನು ಬಿಟ್ಟು. 'ನನ್ನ ತಪ್ಪು' ಅನ್ನುವುದು ಅವನ ಗಂಟಲು ದಾಟಿ ಈಚೆ ಬಂದದ್ದನ್ನು ಕೇಳಿದವರು ಯಾರೂ ಇರಲಿಲ್ಲ. ನಲವತ್ತು ವರ್ಷ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕೂತು ಪ್ಯಾಂಟು, ಶರ್ಟು, ಕೋಟು ಹೊಲಿದವನು. ಗಿರಾಕಿ ಹೊಸ ಕೋಟು ತೊಟ್ಟು ಕನ್ನಡಿ ಮುಂದೆ ನಿಂತು, "ಏನಪ್ಪಾ ಇದು, ಭುಜ ಎದ್ದು ನಿಂತಿದೆಯಲ್ಲ" ಅಂದರೆ, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ತೆಗೆಯದೆಯೇ ಉತ್ತರ ಬರುತ್ತಿತ್ತು: "ಒಂದು ಸಲ ಒಗೆದರೆ ಸರಿಹೋಗುತ್ತೆ." ಸೊಂಟ ಬಿಗಿಯಾದರೂ ಅದೇ ಉತ್ತರ, ಸಡಿಲವಾದರೂ ಅದೇ ಉತ್ತರ. ಒಂದೇ ನೀರು ಬಟ್ಟೆಯನ್ನು ಹಿಗ್ಗಿಸುವುದು ಹೇಗೆ, ಕುಗ್ಗಿಸುವುದು ಹೇಗೆ ಅಂತ ಯಾರೂ ಎದುರು ನಿಂತು ಕೇಳಲಿಲ್ಲ. ಬಾಯಿತುಂಬ ಪಿನ್ನು ಇಟ್ಟುಕೊಂಡವನ ಹತ್ತಿರ ವಾದ ಮಾಡುವುದು ಕಷ್ಟ.

ಅವನ ಹೆಂಡತಿ ಮಾತ್ರ ಬಿಡುತ್ತಿರಲಿಲ್ಲ. ತಾತ ತನಗೆ ತಾನೇ ಹೊಲಿದುಕೊಂಡ ಅಂಗಿಗಳಲ್ಲೆಲ್ಲ ಎಡತೋಳು ಮಣಿಕಟ್ಟು ದಾಟಿ ಬೆರಳಿನ ಗೆಣ್ಣಿನವರೆಗೆ ಜಾರುತ್ತಿತ್ತು. ಊಟಕ್ಕೆ ಕೂತಾಗ ಅದನ್ನು ಮೇಲಕ್ಕೆ ತಳ್ಳುವುದು, ಅದು ಮತ್ತೆ ಇಳಿಯುವುದು, ಇವನು ಮತ್ತೆ ತಳ್ಳುವುದು. ಹೆಂಡತಿ ಅದನ್ನು ನೋಡಿ, "ಊರಿಗೆಲ್ಲ ಹೊಲಿದುಕೊಟ್ಟ ಮಹಾನುಭಾವರ ತೋಳು ನೋಡಿ" ಅನ್ನುವಳು.

"ಒಗೆದರೆ ಸರಿಹೋಗುತ್ತೆ ಬಿಡೇ."

"ಒಗೆಯೋಳು ನಾನು! ಮೂವತ್ತೆಂಟು ವರ್ಷದಿಂದ ಒಗೀತಾನೇ ಇದೀನಿ. ಇನ್ನೂ ಎಷ್ಟು ಒಗೀಬೇಕು ಹೇಳಿ."

ಸಿದ್ಧ ಉಡುಪಿನ ಅಂಗಡಿಗಳು ಸಾಲುಸಾಲಾಗಿ ಎದ್ದು, ಮೊಣಕಾಲು ಕೂಡ ಪೆಡಲ್ ತುಳಿಯಲು ತಕರಾರು ತೆಗೆದ ಮೇಲೆ ತಾತ ಅಂಗಡಿ ಮುಚ್ಚಿದ. ಎರಡು ತಿಂಗಳು ಮನೆಯಲ್ಲಿ ಕೂತು ಹೆಂಡತಿಯ ತಲೆ ತಿಂದ. ತಲೆ ಉಳಿಸಿಕೊಳ್ಳಲು ಅವಳೇ ಅವನನ್ನು ರಸ್ತೆ ಕೊನೆಯ ಪ್ರಾಥಮಿಕ ಶಾಲೆಗೆ ಅಟ್ಟಿದಳು. ಅಲ್ಲಿ ಪರದೆ ಹರಿದಿದೆಯಂತೆ, ಹೋಗಿ ಹೊಲಿದುಕೊಟ್ಟು ಬನ್ನಿ ಅಂದಳು. ಪರದೆ ಹೊಲಿಯಲು ಹೋದವನು ಆರು ವರ್ಷವಾದರೂ ಅಲ್ಲಿಂದ ಎದ್ದು ಬಂದಿಲ್ಲ. ಬೆಳಿಗ್ಗೆ ಹೋದರೆ ಸಂಜೆಗೇ ಮನೆ.

ವರಾಂಡದ ತುದಿಯಲ್ಲಿ ಮುರಿದ ಬೆಂಚುಗಳನ್ನು ಪೇರಿಸಿಡುತ್ತಿದ್ದ ಕೋಣೆ ಈಗ ಅವನದು. ಅಂಗಡಿಯ ಉದ್ದನೆಯ ಮೇಜನ್ನು ತರಿಸಿ, ಕಾಲು ಕೊಯ್ಯಿಸಿ, ಎರಡನೇ ಕ್ಲಾಸಿನ ಮಕ್ಕಳ ಎದೆಮಟ್ಟಕ್ಕೆ ಇಳಿಸಿದ್ದ. ಗೋಡೆಯುದ್ದಕ್ಕೂ ಬಕೆಟ್‌ಗಳು: ಒಂದರಲ್ಲಿ ಗುಂಡಿ, ಒಂದರಲ್ಲಿ ಕೋಟಿನ ಒಳಮೈಗೆ ಹಾಕುವ ಅಸ್ತರಿನ ತುಂಡು, ಒಂದರಲ್ಲಿ ಜೋಡಿ ಕಳೆದುಕೊಂಡ ಕಾಲುಚೀಲ. ಕಿಟಕಿ ಪಕ್ಕದ ಮೊಳೆಯಲ್ಲಿ ಕೋಟು ಕತ್ತರಿಸುವ ದೊಡ್ಡ ಕತ್ತರಿ ತೂಗುತ್ತಿತ್ತು. ಮಕ್ಕಳ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ, ಕಪ್ಪು ಹಿಡಿಕೆ. ಅದನ್ನು ಮುಟ್ಟುವ ಹಕ್ಕು ತಾತನ ಹೆಂಡತಿಗೂ ಇರಲಿಲ್ಲ, ಹೆಡ್‌ಮೇಡಂಗೂ ಇರಲಿಲ್ಲ.

ಮಕ್ಕಳಿಗೆ ಗುಂಡಿ ಹಚ್ಚುವುದು ಕಲಿಸಿ ಅಂತ ಒಪ್ಪಿಸಿದ್ದ ಕೋಣೆ ಅದು. ಆದರೆ ಒಂದು ದಿನ ಪಕ್ಕದ ತರಗತಿಯ ಗೋಡೆಯ ಮೇಲೆ ಚಿಟ್ಟೆಯ ಪಟ ನೋಡಿ ತಾತನಿಗೆ ಸಿಟ್ಟು ಬಂತು. ಮೊಟ್ಟೆ, ಬಾಣ, ಹುಳು, ಬಾಣ, ಕೋಶ, ಬಾಣ, ಚಿಟ್ಟೆ. "ಇದೇನು ಬಸ್ಸಿನ ರೂಟಾ?" ಅಂದ. "ಆ ಬಾಣದೊಳಗೆ ಏನಾಗುತ್ತೆ ಅನ್ನೋದೇ ಅಲ್ವಾ ವಿಷಯ? ಅದನ್ನೇ ಹಾರಿಸಿಬಿಟ್ಟಿದ್ದಾರಲ್ಲ!" ಮಾರನೆಯ ದಿನ ಹಳೆ ಕೋಟಿನ ತೋಳೊಂದರಲ್ಲಿ ಹಸಿರು ಹುಳು ಮಾಡಿದ. ತೋಳಿನೊಳಗೆ ಕೈಹಾಕಿ ಒಳಗಿನದನ್ನು ಹೊರಗೆ ತಿರುವಿದರೆ, ಕೆಂಪು ಅಸ್ತರಿನ ರೆಕ್ಕೆ ಬಿಚ್ಚಿಕೊಂಡು ಚಿಟ್ಟೆ. ಮಕ್ಕಳು ಬೆಂಚು ಹತ್ತಿ ಕೂಗಿದರು. ಆಮೇಲೆ ಕಾಲುಚೀಲದ ಮೇಲೆ ಕಾಲುಚೀಲ ತೊಟ್ಟು ಪೊರೆ ಬಿಡುವ ಹಾವು ಬಂತು. ಅಂಗಿ ಜೇಬಿನ ಹೊಲಿಗೆ ಬಿಚ್ಚಿದರೆ ಕೊಕ್ಕು ಹೊರಗೆ ಹಾಕುವ ಕೋಳಿಮರಿ ಬಂತು.

ಎಲ್ಲಕ್ಕಿಂತ ಹೆಚ್ಚಾಗಿ, ಕಪ್ಪೆ ಬಂತು. ಕಪ್ಪೆಯ ಮೇಲೆ ತಾತನಿಗೆ ವಿಪರೀತ ಹೆಮ್ಮೆ. ತೆಳು ಪ್ಲಾಸ್ಟಿಕ್ಕಿನ ಎರಡು ಪದರದ ನಡುವೆ ಕಪ್ಪು ಗುಂಡಿ ಇಟ್ಟು ಹೊಲಿದರೆ ಮೊಟ್ಟೆಯ ರಾಶಿ. ಕಪ್ಪು ಅಸ್ತರಿನ ಗೊದಮೊಟ್ಟೆ, ಒಂದು ಗೇಣು ಉದ್ದ, ಅದರಲ್ಲಿ ಅರ್ಧ ಬರೀ ಬಾಲ. ಎರಡನೇ ವಾರ ಒತ್ತಿದರೆ ಕೂರುವ ಟಿಚ್‌ಗುಂಡಿಯಿಂದ ಹಿಂಗಾಲು ಅಂಟಿಸುವುದು, ಮೂರನೇ ವಾರ ಮುಂಗಾಲು. ಕೊನೆಗೆ ಪಾಲಕರನ್ನು ಕರೆದು, ಮಕ್ಕಳೆಲ್ಲ ಸಾಲಾಗಿ ನಿಂತು, 'ಒಂದು, ಎರಡು, ಮೂರು' ಅಂದ ಕೂಡಲೇ ಬಾಲವನ್ನು ಕಚಕ್ಕನೆ ಕತ್ತರಿಸುವುದು. ಗೊದಮೊಟ್ಟೆ ಹೋಗಿ ಕಪ್ಪೆ! ಚಪ್ಪಾಳೆಯೋ ಚಪ್ಪಾಳೆ. ಬಿದ್ದ ಬಾಲಗಳನ್ನು ತಾತ ಆರಿಸಿ ಗಾಜಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದ. ಐದು ವರ್ಷದ ಬಾಲಗಳು ಕಪಾಟಿನ ಮೇಲಿಂದ ಎಲ್ಲರನ್ನೂ ನೋಡುತ್ತಿದ್ದವು.

ಬಾಲ ನಿಜವಾಗಿ ಬೀಳುತ್ತದೆಯೇ ಅಂತ ತಾತನನ್ನು ಯಾರೂ ಕೇಳಿರಲಿಲ್ಲ, ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ. ಬೇಡದ ಬಟ್ಟೆ ಇದ್ದರೆ ಕತ್ತರಿಸುತ್ತಾರೆ, ಕತ್ತರಿಸಿದ್ದು ಕೆಳಗೆ ಬೀಳುತ್ತದೆ. ನಲವತ್ತು ವರ್ಷ ಕಾಲಕೆಳಗೆ ಚೂರುಬಟ್ಟೆ ನೋಡಿದವನಿಗೆ ಇದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ.

ಈ ವರ್ಷ ಎರಡನೇ ಕ್ಲಾಸಿನ ಟೀಚರ್ ಶಾಲೆಯ ಹಿಂದಿನ ಹೊಂಡದಿಂದ ನಾಲ್ಕು ನಿಜವಾದ ಗೊದಮೊಟ್ಟೆ ತಂದು ಗಾಜಿನ ತೊಟ್ಟಿಯಲ್ಲಿ ಬಿಟ್ಟಳು. ಇಪ್ಪತ್ತಾರರ ಹುಡುಗಿ, ಮೆಲುಮಾತಿನವಳು. ತೊಟ್ಟಿ ಇಡಲು ಬಿಸಿಲು ಬೀಳದ ಜಾಗ ತಾತನ ಕೋಣೆಯಲ್ಲಿತ್ತು. ತಾತನಿಗೆ ಹುರುಪು ಬಂದುಬಿಟ್ಟಿತು. ಮೂವತ್ತೊಂದು ಮಕ್ಕಳನ್ನೂ ನಿಲ್ಲಿಸಿ ಘೋಷಿಸಿದ: "ಇದರಲ್ಲಿ ಮೊದಲು ಬಿದ್ದ ಬಾಲವನ್ನ ಯಾರು ಹುಡುಕಿ ತರ್ತಾರೋ, ಅವರು ಪ್ರದರ್ಶನದ ದಿನ ನನ್ನ ದೊಡ್ಡ ಕತ್ತರಿಯಲ್ಲಿ ಬಾಲ ಕತ್ತರಿಸಬಹುದು."

ಕೋಣೆಯಲ್ಲಿ ಉಸಿರು ನಿಂತಿತು. ದೊಡ್ಡ ಕತ್ತರಿ!

ಎಲ್ಲರಿಗಿಂತ ಹೆಚ್ಚು ಉಸಿರು ನಿಂತದ್ದು ಯಾಕಮ್ಮನಿಗೆ. ಹೆಸರು ಬೇರೆ ಇತ್ತು, ಅದು ಹಾಜರಿ ಪುಸ್ತಕಕ್ಕೆ ಮಾತ್ರ. ಮಾತಿಗೆ ಮೂರು ಸಲ 'ಯಾಕೆ' ಅನ್ನುತ್ತಿದ್ದುದರಿಂದ ತಾತನೇ ಇಟ್ಟ ಅಡ್ಡಹೆಸರು ಯಾಕಮ್ಮ. ಮುಂದಿನ ಹಲ್ಲು ಎರಡೂ ಬಿದ್ದ ಏಳು ವರ್ಷದವಳು. ಆವತ್ತಿನಿಂದ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ತೊಟ್ಟಿಯ ಮುಂದೆ ಹಾಜರ್. ಊಟದ ಡಬ್ಬಿಯೂ ಅಲ್ಲೇ. ನಾಲ್ಕರಲ್ಲಿ ಮುಂದಿದ್ದ ಒಂದಕ್ಕೆ ಮುಂಗಾಲು ಮೂಡಿದ ದಿನ ಅವಳು ಅಳತೆ ಶುರುಮಾಡಿದಳು. ಮಣಿಕಟ್ಟು, ಕುತ್ತಿಗೆ ಇಂಥವನ್ನು ದಾರ ಹಿಡಿದು ಅಳೆಯುವುದನ್ನು ತಾತನೇ ಎಲ್ಲರಿಗೂ ಕಲಿಸಿದ್ದ. ಅವಳು ಗಾಜಿಗೆ ಕಪ್ಪು ದಾರ ಹಿಡಿದು, ಬಾಲದಷ್ಟಕ್ಕೆ ಕತ್ತರಿಸಿ, ಕಾಗದದ ಮೇಲೆ ಅಂಟಿಸಿದಳು. ಮಾರನೆಯ ದಿನ ಅದರ ಕೆಳಗೆ ಇನ್ನೊಂದು ದಾರ.

ನಾಲ್ಕನೇ ದಿನ ಕಾಗದ ಹಿಡಿದುಕೊಂಡು ಬಂದಳು. "ತಾತ, ಬಾಲ ಬೀಳ್ತಿಲ್ಲ. ಗಿಡ್ಡ ಆಗ್ತಿದೆ. ಯಾಕೆ?"

ತಾತ ಹಿಂಗಾಲಿಗೆ ಟಿಚ್‌ಗುಂಡಿ ಹಚ್ಚುತ್ತಿದ್ದ. ಕನ್ನಡಕದ ಮೇಲಿಂದ ಕಾಗದ ನೋಡಿದ. ನಾಲ್ಕು ದಾರ, ಒಂದಕ್ಕಿಂತ ಒಂದು ಗಿಡ್ಡ. "ದಾರ ಜಗ್ಗಿ ಹಿಡಿದಿದ್ದೀಯ. ಅಳತೆ ತಪ್ಪಾಗಿದೆ" ಅಂದುಬಿಟ್ಟ.

"ಜಗ್ಗಿಲ್ಲ ತಾತ."

"ಜೀವಂತ ಪ್ರಾಣಿಯ ಬಾಲ ಗಿಡ್ಡ ಆಗೋಕೆ ಅದೇನು ಒಗೆದ ಬಟ್ಟೆಯಾ? ಹೋಗು, ಸರಿಯಾಗಿ ಅಳೆ."

ಹುಡುಗಿ ಕಾಗದ ಮಡಚಿಕೊಂಡು ಹೋದಳು. ಅಳತೆ ಬಿಡಲಿಲ್ಲ, ಆದರೆ ಆಮೇಲೆ ತಾತನಿಗೆ ತೋರಿಸಲಿಲ್ಲ.

ಎಂಟನೇ ದಿನ ಬೆಳಿಗ್ಗೆ ತೊಟ್ಟಿಯ ಕಲ್ಲಿನ ಮೇಲೆ ಉಗುರಿನಷ್ಟು ದೊಡ್ಡ ಕಪ್ಪೆ ಕೂತಿತ್ತು. ಬಾಲ ಇರಲಿಲ್ಲ. ಮಕ್ಕಳೆಲ್ಲ ಮುಗಿಬಿದ್ದರು. ಬಾಲ ಎಲ್ಲಿ? ಕಲ್ಲೆತ್ತಿ ನೋಡಿದರು, ಪಾಚಿ ಕೆದಕಿದರು, ನೀರನ್ನು ತೆಳುಬಟ್ಟೆಯಲ್ಲಿ ಸೋಸಿದರು. ಎಲ್ಲೂ ಇಲ್ಲ. "ಯಾಕಮ್ಮ ಕಾಯ್ತಿದ್ಳಲ್ಲ, ಅವಳೇ ಕಳೆದುಹಾಕಿದ್ದಾಳೆ" ಅಂದ ಒಬ್ಬ. "ನಿನ್ನೆ ನೀರು ಬದಲಾಯಿಸಿದ್ದೂ ಅವಳೇ" ಅಂದಳು ಇನ್ನೊಬ್ಬಳು. ಮಕ್ಕಳ ನ್ಯಾಯಾಲಯದಲ್ಲಿ ತೀರ್ಪು ಬರಲು ಅಷ್ಟು ಸಾಕು. ಯಾಕಮ್ಮ ಮೇಜಿನ ಕೆಳಗೆ ಕೂತು ಅತ್ತಳು. "ನಾನು ನೋಡ್ಕೊಂಡೇ ಸುರಿದೆ ತಾತ. ಆದ್ರೂ ಹೋಗಿಬಿಟ್ಟಿರಬೇಕು" ಅಂತ ಬಿಕ್ಕಿದಳು.

ತಾತನಿಗೆ ಅದನ್ನು ನೋಡಲಾಗಲಿಲ್ಲ. ಒಂದು ಗಳಿಗೆ ಅವನಿಗೆ ಆ ನಾಲ್ಕು ದಾರ ನೆನಪಾಯಿತು. ಆದರೆ ಇಂಥ ನೆನಪುಗಳಿಗೆ ನಲವತ್ತು ವರ್ಷದಿಂದ ಅವನ ಹತ್ತಿರ ಒಂದು ಔಷಧಿಯಿತ್ತು: ಹೇಗಾದರೂ ಮುಚ್ಚಿ ಹೊಲಿದುಬಿಡುವುದು. ಸಂಜೆ ಎಲ್ಲರೂ ಹೋದ ಮೇಲೆ ಕಪ್ಪು ಅಸ್ತರಿನಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಬಾಲವೊಂದನ್ನು ಕತ್ತರಿಸಿ, ತೊಟ್ಟಿಯ ಮೂಲೆಯ ಪಾಚಿಯಲ್ಲಿ ಸಿಕ್ಕಿಸಿಟ್ಟು ಮನೆಗೆ ಹೋದ. ದಾರಿಯಲ್ಲಿ ಶಿಳ್ಳೆ ಕೂಡ ಹಾಕಿದ ಅಂತ ಕಾಣುತ್ತದೆ.

ಬೆಳಿಗ್ಗೆ ಬಾಲ ಸಿಕ್ಕಿತು. ಯಾಕಮ್ಮನೇ ಹುಡುಕಿದಳು. ಎಲ್ಲರೂ ಅವಳನ್ನು ಹೊತ್ತು ಕುಣಿಯುವುದೊಂದು ಬಾಕಿ. ನಿನ್ನೆ ಬೈದವನು ತನ್ನ ಪೆನ್ಸಿಲ್ ಕೊಟ್ಟ. ತಾತ ಎದೆಯುಬ್ಬಿಸಿ, "ನಾನು ಹೇಳಲಿಲ್ವಾ!" ಅಂದ.

ಮಧ್ಯಾಹ್ನ ಎಲ್ಲರೂ ಆಟಕ್ಕೆ ಹೋದಾಗ ಅವಳು ಒಬ್ಬಳೇ ಒಳಗೆ ಬಂದಳು. ಮುಷ್ಟಿ ಬಿಚ್ಚಿ ಮೇಜಿನ ಮೇಲೆ ಬಾಲ ಇಟ್ಟಳು. ರಾತ್ರಿಯಿಡೀ ನೀರಿನಲ್ಲಿದ್ದು ಅದರ ಅಂಚು ಸಡಿಲಾಗಿ ಎದ್ದು, ಒಂದು ನೂಲು ಹೊರಗೆ ಬಂದಿತ್ತು.

"ತಾತ, ಇದಕ್ಕೆ ಅಂಚು ಮಡಚಿ ಹೊಲಿದಿಲ್ಲ. ನೂಲು ಬಿಡ್ತಿದೆ."

ಅಂಚು ಮಡಚದ ಬಟ್ಟೆ ನೂಲು ಬಿಡುತ್ತದೆ ಅನ್ನುವುದು ಆ ಕೋಣೆಯ ಮೊದಲನೇ ಪಾಠ. ತಾತ ಬಾಯಿ ತೆರೆದ. 'ಒಂದು ಸಲ ಒಗೆದರೆ' ಅನ್ನುವವರೆಗೂ ನಾಲಿಗೆ ತುದಿಗೆ ಬಂದಿತ್ತು. ರಾತ್ರಿಯಿಡೀ ಒಗೆದೇ ಹೀಗಾಗಿದೆಯಲ್ಲ ಅಂತ ಹೊಳೆದು ಬಾಯಿ ಮುಚ್ಚಿದ.

"ಬೇರೆಯವರಿಗೆ ನಾನು ಹೇಳಿಲ್ಲ" ಅಂದಳು ಯಾಕಮ್ಮ. "ಆದ್ರೆ ನಂಗೆ ಕತ್ತರಿ ಬೇಡ. ಬಾಲ ಸಿಕ್ಕಿಲ್ವಲ್ಲ." ಅಷ್ಟು ಹೇಳಿ ಹೋದಳು. ಯಾಕೆ ಅಂತ ಕೇಳಲಿಲ್ಲ. ಆ ಹುಡುಗಿ ಕೇಳದೆ ಹೋದದ್ದು ಅದೇ ಮೊದಲು. ತಾತನಿಗೆ ಅದು ಬೈಗುಳಕ್ಕಿಂತ ಜೋರಾಗಿ ಕೇಳಿಸಿತು.

ಸಂಜೆ ಗಂಟೆ ಹೊಡೆದ ಮೇಲೆ ಟೀಚರಮ್ಮನನ್ನು ಹಿಡಿದು ನಿಲ್ಲಿಸಿ ಕೇಳಿದ. "ನಿಜ ಹೇಳಮ್ಮ. ಕಪ್ಪೆಯ ಬಾಲ ಬೀಳುತ್ತಾ, ಇಲ್ವಾ?"

ಅವಳ ಮುಖ ಕೆಂಪಾಯಿತು. "ಬೀಳಲ್ಲ ತಾತ. ಒಳಗೇ ಕರಗಿ ಹೋಗುತ್ತೆ. ಆ ನಾಲ್ಕೈದು ದಿನ ಅದರ ಬಾಯಿ ಬದಲಾಗ್ತಿರುತ್ತೆ, ಏನೂ ತಿನ್ನೋಕಾಗಲ್ಲ. ಬಾಲವೇ ಅದಕ್ಕೆ ಊಟ."

"ಹಾಗಾದ್ರೆ ಆ ಮಗುವಿನ ಅಳತೆ?"

"ಸರಿಯಾಗೇ ಇತ್ತು."

"ನಿನಗೆ ಯಾವಾಗಿಂದ ಗೊತ್ತು?"

"ಮೊದಲಿಂದ." ಅವಳು ಬ್ಯಾಗಿನ ಹಿಡಿ ತಿರುಚಿದಳು. "ಎರಡು ವರ್ಷದಿಂದ ಹೇಳೋಣ ಅಂತಾನೇ ಇದೀನಿ. ಬಾಲ ಕತ್ತರಿಸೋವಾಗ ಮಕ್ಕಳು ಅಷ್ಟು ಖುಷಿಯಾಗಿರ್ತಾರೆ. ನೀವಂತೂ ಅವರಿಗಿಂತ ಹೆಚ್ಚು."

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಮೊಮ್ಮಗಳ ಸ್ಕರ್ಟಿನ ಅಂಚು ಬಿಚ್ಚುತ್ತ ಕೂತಿದ್ದಳು. ನೀರಿನಲ್ಲಿ ಬಟ್ಟೆಯ ಬಾಲ ಇಟ್ಟ ಜಾಗಕ್ಕೆ ಬಂದಾಗ ನಗು ತಡೆಯಲಾಗದೆ ಸೂಜಿ ಬೀಳಿಸಿದಳು. ಕಣ್ಣೀರು ಒರೆಸಿಕೊಂಡು ನಕ್ಕಳು. ಆಮೇಲೆ ಮುಖ ಗಟ್ಟಿ ಮಾಡಿಕೊಂಡಳು. "ಬಾಲ ಇಟ್ಟಿದ್ದು ಹೋಗಲಿ. ಅವಳ ಅಳತೆ ತಪ್ಪು ಅಂದಿರಲ್ಲ, ಅದು ದೊಡ್ಡ ತಪ್ಪು. ಹೋಗಿ ಕ್ಷಮೆ ಕೇಳ್ಕೊಳ್ಳಿ."

"ಏಳು ವರ್ಷದ ಮಗು ಹತ್ರಾನಾ?"

"ಅರವತ್ತೆಂಟು ವರ್ಷ ಯಾರ ಹತ್ರಾನೂ ಕೇಳಿಲ್ಲ. ಎಲ್ಲಿಂದಾದ್ರೂ ಶುರು ಮಾಡ್ಬೇಕಲ್ಲ."

ತಾತ ಅವಳ ಮಡಿಲಿನ ಸ್ಕರ್ಟನ್ನೇ ನೋಡುತ್ತಿದ್ದ. ಮಕ್ಕಳ ಬಟ್ಟೆ ಹೊಲಿಯುವಾಗ ಅವನು ಯಾವತ್ತೂ ನಾಲ್ಕು ಬೆರಳು ಬಟ್ಟೆಯನ್ನು ಕತ್ತರಿಸದೆ ಒಳಗೆ ಮಡಚಿ ಬಿಡುತ್ತಿದ್ದ, ಬೆಳೆದಾಗ ಬಿಚ್ಚಿಕೊಳ್ಳಲಿ ಅಂತ. ಹೆಂಡತಿ ಈಗ ಬಿಚ್ಚಿದ ಕಡೆ, ಒಳಗಿದ್ದ ನೀಲಿ ಬಣ್ಣ ಮಾಸದೆ ಹೊಚ್ಚಹೊಸದಾಗಿ ಇತ್ತು. ಹೊರಗೆ ಕಾಣದೆ, ಎಲ್ಲೂ ಬೀಳದೆ, ಬೇಕಾದಾಗ ಒದಗುವ ಬಟ್ಟೆ. ಅಂಗಡಿಗೆ ಬಂದ ಎಲ್ಲ ಮಕ್ಕಳಿಗೂ ಇದನ್ನೇ ಮಾಡಿ, ಕಪ್ಪೆಯ ಮಗುವಿಗೆ ಮಾತ್ರ ಕತ್ತರಿ ಹಾಕಿದ್ದನಲ್ಲ! ತಾತ ತೊಡೆ ತಟ್ಟಿಕೊಂಡು ಎದ್ದ. "ಕತ್ತರಿಸೋದಲ್ಲ ಕಣೇ, ಒಳಗೆ ಎಳೆಯೋದು!" ಅಂದ. ಹೆಂಡತಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಕ್ಷಮೆ ಕೇಳುವ ಮಾತು ಬಿಟ್ಟು ಬೇರೆಲ್ಲೋ ಜಾರಿದರು ಅಂದುಕೊಂಡಳು.

ಪ್ರದರ್ಶನಕ್ಕೆ ಇನ್ನು ಎರಡೇ ದಿನ. ತಾತ ಮೂವತ್ತೊಂದು ಗೊದಮೊಟ್ಟೆಗಳ ಬಾಲದ ತುದಿಗೂ ಒಂದೊಂದು ಗಟ್ಟಿ ದಾರ ಹೊಲಿದು, ಅದನ್ನು ಹೊಟ್ಟೆಯೊಳಗಿಂದ ಹಾಯಿಸಿ ಬಾಯಿಯಿಂದ ಹೊರಗೆ ಬಿಟ್ಟ. ಒಂದು ದಾರ ಸಿಕ್ಕಿಹಾಕಿಕೊಂಡು ಕಪ್ಪೆ ಒಳಗಿನದು ಹೊರಗಾಯಿತು, ಅದನ್ನು ಮತ್ತೆ ಬಿಚ್ಚಿದ. ಮಕ್ಕಳು ಕೇಳಿದರೆ, "ಶನಿವಾರ ಹೇಳ್ತೀನಿ" ಅಂದ. ಯಾಕಮ್ಮ ಕೇಳಲಿಲ್ಲ. ಬಾಗಿಲ ಪಕ್ಕ ಕೂತು ತನ್ನ ಪಾಡಿಗೆ ಮುಂಗಾಲು ಹೊಲಿದಳು.

ಶನಿವಾರ ಕೋಣೆ ತುಂಬಿ, ಕಿಟಕಿಯ ಹೊರಗೂ ಪಾಲಕರು ನಿಂತರು. ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಎಡತೋಳು ಎಂದಿನಂತೆ ಗೆಣ್ಣಿನ ಮೇಲಿತ್ತು. ಕತ್ತರಿಯನ್ನು ಮೊಳೆಯಿಂದ ಇಳಿಸಿ ಮೇಜಿನ ಮೇಲೆ ಇಟ್ಟ. ಕೆಮ್ಮಿದ. ತೋಳು ಮೇಲೆ ತಳ್ಳಿದ. ಮತ್ತೆ ಕೆಮ್ಮಿದ. ಹಿಂದಿನ ಬೆಂಚಿನಲ್ಲಿ ಹೆಂಡತಿ ಸೆರಗಿನ ತುದಿ ಹಿಡಿದು ಕೂತಿದ್ದಳು.

"ಐದು ವರ್ಷದಿಂದ ನಾನು ಮಕ್ಕಳಿಗೆ ಕಪ್ಪೆಯ ಬಾಲ ಬೀಳುತ್ತೆ ಅಂತ ಕಲಿಸಿದ್ದೀನಿ" ಅಂದ. "ಬೀಳಲ್ಲ. ನಾನು ಕಲಿಸಿದ್ದು ತಪ್ಪು."

ಪಾಲಕರ ನಡುವಿನಿಂದ ದಪ್ಪ ಮೀಸೆಯವನೊಬ್ಬ ಕೂಗಿದ, "ಯಾಕೆ ತಾತ, ಒಂದು ಸಲ ಒಗೆದರೆ ಸರಿಹೋಗಲ್ವಾ?" ಕೋಣೆಗೆ ಕೋಣೆಯೇ ಗೊಳ್ಳೆಂದಿತು. ಅಲ್ಲಿದ್ದ ಅರ್ಧ ಗಂಡಸರು ಅವನ ಹಳೆ ಗಿರಾಕಿಗಳು.

"ಇಲ್ಲಪ್ಪ. ಇದು ಒಗೆದರೆ ಹೋಗಲ್ಲ. ನನ್ನ ತಪ್ಪು."

ನಗು ನಿಂತೇಹೋಯಿತು. ಮೀಸೆಯವನು ಎದ್ದು ನಿಂತ. "ಹಾಗಾದ್ರೆ ನನ್ನ ಮದುವೆ ಕೋಟು?"

ತಾತ ಅವನ ಭುಜ ನೋಡಿದ. ಹನ್ನೆರಡು ವರ್ಷದ ಹಿಂದಿನ ಭುಜ ನೆನಪಿತ್ತು. "ಅದೂ" ಅಂದ. ಈ ಸಲದ ನಗುವಿಗೆ ಬಾಲದ ಡಬ್ಬಿ ಕಪಾಟಿನ ಮೇಲೆ ಗಣಗಣ ಅಂದಿತು.

ತಾತ ಮೇಜು ಸುತ್ತಿಕೊಂಡು ಯಾಕಮ್ಮನ ಮುಂದೆ ಹೋಗಿ ನಿಂತ. ಮೊಣಕಾಲು ಬಗ್ಗುವುದಿಲ್ಲ, ಆದ್ದರಿಂದ ಗಿಡ್ಡ ಬೆಂಚಿನ ಮೇಲೆ ಕೂತು ಅವಳ ಮಟ್ಟಕ್ಕೆ ಬಂದ. "ನಿನ್ನ ಅಳತೆ ಸರಿಯಾಗಿತ್ತು. ತಪ್ಪು ಅಂದವನು ನಾನು. ನೀರಲ್ಲಿ ಬಾಲ ಇಟ್ಟವನೂ ನಾನೇ."

ಮಕ್ಕಳು ಹೋ ಅಂದರು. ಯಾಕಮ್ಮ ಅವನ ಮುಖ ನೋಡಿದಳು. ಆಮೇಲೆ, ದೇವರು ದೊಡ್ಡವನು, ಬಾಯಿ ಬಿಟ್ಟಳು: "ಯಾಕೆ?"

"ನೀನು ಅಳೋದು ನೋಡೋಕಾಗಲಿಲ್ಲ" ಅಂದ ತಾತ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ನನ್ನ ಮಾತು ಸುಳ್ಳಾಗೋದೂ ನೋಡೋಕಾಗಲಿಲ್ಲ. ಎರಡೂ."

ಅವಳು ಚೀಲದಿಂದ ಮಡಚಿದ ಕಾಗದ ತೆಗೆದಳು. ಏಳು ದಾರ, ಮೆಟ್ಟಿಲಿನ ಹಾಗೆ ಇಳಿದು, ಕೊನೆಯದು ಒಂದು ಚುಕ್ಕೆಯಷ್ಟೇ. ತಾತ ಅದನ್ನು ಗೋಡೆಗೆ, ಪಕ್ಕದ ತರಗತಿಯಿಂದ ತಂದು ತೂಗುಹಾಕಿದ್ದ ಬಾಣಗಳ ಪಟದ ಮೇಲೆಯೇ, ನಾಲ್ಕು ಗುಂಡುಪಿನ್ನಿನಿಂದ ಚುಚ್ಚಿದ. ಆಮೇಲೆ 'ಒಂದು, ಎರಡು, ಮೂರು' ಅಂದ. ಮೂವತ್ತೊಂದು ಮಕ್ಕಳು ಕಪ್ಪೆಯ ಬಾಯಿಂದ ಹೊರಬಂದ ದಾರ ಎಳೆದರು. ಮೂವತ್ತೊಂದು ಬಾಲ ನಿಧಾನವಾಗಿ ಒಳಗೆ ಸರಿದು, ಕಪ್ಪೆಗಳ ಹೊಟ್ಟೆ ತುಂಬಿ ಉಬ್ಬಿತು. ಕಚಕ್ ಅನ್ನುವ ಸದ್ದಿಲ್ಲ, ನೆಲಕ್ಕೆ ಏನೂ ಬೀಳಲಿಲ್ಲ. ಕಿಟಕಿಯ ಹೊರಗಿದ್ದವರೂ ಚಪ್ಪಾಳೆ ಹೊಡೆದರು.

ಉಳಿದದ್ದು ಬಾಯಲ್ಲಿ ನೇತಾಡುವ ದಾರದ ತುದಿ. ತಾತ ಕತ್ತರಿಯನ್ನು ಯಾಕಮ್ಮನ ಕಡೆಗೆ ಸರಿಸಿದ. ಅವಳು ಎರಡೂ ಕೈಯಲ್ಲಿ ಎತ್ತಿಕೊಂಡು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಕಪ್ಪೆಯ ಮುಂದೆ ಹೋಗಿ ದಾರ ತುಂಡರಿಸಿದಳು. ತಾತನ ಕೈ ಮೂರು ಸಲ ಕತ್ತರಿ ಹಿಡಿಯಲು ಮುಂದೆ ಹೋಗಿ ಮೂರು ಸಲವೂ ವಾಪಸ್ ಬಂತು.

ಮರುವಾರ ಮೇಲಿನ ಕ್ಲಾಸಿನ ಮಕ್ಕಳು ತಮ್ಮ ತಮ್ಮ ಹಳೆ ಕಪ್ಪೆ ಹಿಡಿದು ವರಾಂಡದಲ್ಲಿ ಸಾಲು ನಿಂತರು. ಬಾಲ ಹೊಟ್ಟೆಗೆ ಸೇರಿಸಿಕೊಡಿ ಅಂತ. ಅಂಗಡಿಯಲ್ಲಿ ಯಾವತ್ತೂ ಆಲ್ಟ್ರೇಶನ್ ಒಪ್ಪಿಕೊಳ್ಳದವನು ಡಬ್ಬಿ ಇಳಿಸಿ, ಒಂದೊಂದೇ ಬಾಲ ಹುಡುಕಿ, ಎಲ್ಲರ ಕಪ್ಪೆಯನ್ನೂ ಬಿಚ್ಚಿ ಹೊಲಿದುಕೊಟ್ಟ. ಮೀಸೆಯವನೂ ಕೋಟು ಹೊತ್ತು ಬಂದಿದ್ದ. ಅವನನ್ನೂ ಸಾಲಿನಲ್ಲೇ ನಿಲ್ಲಿಸಿದರು.

ಆ ಗಲಾಟೆ ಮುಗಿದ ಮೇಲೆ ತಾತ ತನಗೊಂದು ಹೊಸ ಅಂಗಿಯ ಬಟ್ಟೆ ತೆಗೆದ. ಟೇಪನ್ನು ಯಾಕಮ್ಮನ ಕೈಗೆ ಕೊಟ್ಟು, ಬೆಂಚಿನ ಮೇಲೆ ಹತ್ತಿಸಿ, ತಾನು ಕೈ ಚಾಚಿ ನಿಂತ. ನಲವತ್ತು ವರ್ಷದಲ್ಲಿ ಅವನನ್ನು ಇನ್ನೊಬ್ಬರು ಅಳೆದದ್ದು ಅದೇ ಮೊದಲು. ತನ್ನ ಬಲತೋಳನ್ನು ತಾನೇ ಅಳೆದುಕೊಂಡು, ಎಡಕ್ಕೂ ಅದನ್ನೇ ಹಾಕಿಕೊಳ್ಳುವುದು ಅವನ ಪದ್ಧತಿ.

"ಬಲಗೈ ಇಪ್ಪತ್ತಮೂರೂವರೆ" ಅಂದಳು. ತಾತ ಬರೆದುಕೊಂಡ. "ಎಡಗೈ ಇಪ್ಪತ್ತೆರಡೂವರೆ."

"ಏ, ಅಳತೆ ತ..." ತಾತ ಅಲ್ಲಿಗೇ ನಿಲ್ಲಿಸಿದ. ಅವಳು ಬೆಂಚಿನ ಮೇಲಿಂದ ಅವನನ್ನೇ ನೋಡುತ್ತಿದ್ದಳು. ಅವನು ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ಅವಳು ಹೇಳಿದ್ದನ್ನೇ ಬರೆದ.

ಭಾನುವಾರ ಹೊಸ ಅಂಗಿ ತೊಟ್ಟು ಊಟಕ್ಕೆ ಕೂತ. ಅಭ್ಯಾಸಬಲದಿಂದ ಎಡತೋಳನ್ನು ಮೇಲೆ ತಳ್ಳಲು ಹೋದರೆ ತಳ್ಳುವುದಕ್ಕೇನೂ ಇರಲಿಲ್ಲ. ತೋಳು ಮಣಿಕಟ್ಟಿನ ಮೂಳೆಯ ಮೇಲೆ ಸುಮ್ಮನೆ ಕೂತಿತ್ತು. ಹೆಂಡತಿ ಬಡಿಸುವ ಸೌಟು ಹಿಡಿದುಕೊಂಡೇ ಹತ್ತಿರ ಬಂದು, ಆ ತೋಳನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಯ್ಯೋ," ಅಂದಳು, "ಒಗೆಯೋ ಮೊದಲೇ ಸರಿಹೋಗಿದೆಯಲ್ರೀ!"